ಬೊಯಾನೊವಿತ್ಸೆಯ ಮದುವೆ

1976ರ ಫೆಬ್ರುವರಿ 21ರಂದು ಪ್ರಾಗ್ ನಗರದ ದಕ್ಷಿಣಕ್ಕಿರುವ ಬೊಯಾನೊವಿತ್ಸೆ ಎಂಬ ಹಳ್ಳಿಯಲ್ಲಿ ಮದುವೆಯ ಔತಣವಿತ್ತು. ವರ ಇವಾನ್ ಮಾರ್ಟಿನ್ ಯಿರೌಸ್. ಓದಿದ್ದು ಕಲಾ ಇತಿಹಾಸ, ವಯಸ್ಸು 31, ಗೆಳೆಯರ ನಡುವಿನ ಅಡ್ಡಹೆಸರು ‘ಮಾಗೋರ್’, ಅಂದರೆ ಹುಚ್ಚ. ವಧು ಚಿತ್ರಕಲಾವಿದೆ ಯೂಲಿಯಾನಾ. ಬಂದವರೆಲ್ಲ ಸ್ನೇಹಿತರು, ಸ್ನೇಹಿತರ ಸ್ನೇಹಿತರು, ಹೆಚ್ಚಿನವರು ಉದ್ದ ಕೂದಲು ಬಿಟ್ಟವರು. ಊಟ, ಬಿಯರ್ ಎಲ್ಲವೂ ಇತ್ತು. ಆದರೆ ಅವರು ಅಷ್ಟು ದೂರದಿಂದ ಬಂದದ್ದು ಸಂಗೀತಕ್ಕಾಗಿ. ಆ ದಿನ ಅಲ್ಲಿ ಒಂದಾದ ಮೇಲೊಂದು ತಂಡ ನುಡಿಸಿತು. ‘ಡಿಜಿ 307’ ಇತ್ತು, ಪಾದ್ರಿ ಸ್ವಾತೋಪ್ಲುಕ್ ಕರಾಸೆಕ್ ಗಿಟಾರ್ ಹಿಡಿದು ಹಾಡಿದರು, ಮತ್ತು ಎಲ್ಲರೂ ಕಾದಿದ್ದ ‘ದ ಪ್ಲಾಸ್ಟಿಕ್ ಪೀಪಲ್ ಆಫ್ ದ ಯೂನಿವರ್ಸ್’ ಇತ್ತು.

ಆಗಿನ ಕಮ್ಯುನಿಸ್ಟ್ ಚೆಕೊಸ್ಲೊವಾಕಿಯಾದಲ್ಲಿ ಸರ್ಕಾರದ ಪರವಾನಗಿ ಇಲ್ಲದ ತಂಡ ಸಾರ್ವಜನಿಕವಾಗಿ ಕಚೇರಿ ಕೊಡುವಂತಿರಲಿಲ್ಲ. ಮನೆಯ ಸಮಾರಂಭದಲ್ಲಿ ಗೆಳೆಯರು ಹಾಡಿದರೆ ಅದನ್ನು ಅಪರಾಧ ಅನ್ನುವುದು ಸ್ವಲ್ಪ ಕಷ್ಟ. ಹಾಗಾಗಿ ಮದುವೆಗಳೇ ಈ ಸಂಗೀತದ ಸಭಾಂಗಣಗಳಾದವು. 1974ರ ಸೆಪ್ಟೆಂಬರ್ 1ರಂದು ಪೋಸ್ತುಪಿತ್ಸೆ ಎಂಬಲ್ಲಿ ಇನ್ನೊಬ್ಬ ಗೆಳೆಯನ ಮದುವೆಯ ಹೆಸರಿನಲ್ಲಿ ಇಂಥದೇ ಒಂದು ಉತ್ಸವ ನಡೆದಿತ್ತು. ಅದನ್ನು ‘ಎರಡನೇ ಸಂಸ್ಕೃತಿಯ ಮೊದಲ ಉತ್ಸವ’ ಎಂದು ಕರೆದಿದ್ದರು. ಬೊಯಾನೊವಿತ್ಸೆಯದು ಎರಡನೆಯದು. ಅದಾಗಿ ಒಂದು ತಿಂಗಳು ತುಂಬುವ ಮೊದಲೇ, ಮಾರ್ಚ್ 17ರಂದು, ಪೊಲೀಸರು ಮನೆಮನೆಗೆ ನುಗ್ಗಿದರು. ಸಂಗೀತಗಾರರು ಮತ್ತು ಅವರ ಸ್ನೇಹಿತರಲ್ಲಿ 20ಕ್ಕೂ ಹೆಚ್ಚು ಮಂದಿ ಸೆರೆಯಾದರು. ಟೇಪುಗಳು, ವಾದ್ಯಗಳು, ಕೈಬರಹದ ಹಾಳೆಗಳು, ಫೋಟೊಗಳು ಪೊಲೀಸರ ಪಾಲಾದವು.

ಈ ಕಥೆಯನ್ನು ಸಾಮಾನ್ಯವಾಗಿ ಕೊನೆಯಿಂದ ಹೇಳುತ್ತಾರೆ. ಈ ತಂಡದ ಬಂಧನದಿಂದ ‘ಚಾರ್ಟರ್ 77’ ಎಂಬ ಹಕ್ಕೊತ್ತಾಯದ ಪತ್ರ ಹುಟ್ಟಿತು, ಅದರಿಂದ ನಾಟಕಕಾರ ಹಾವೆಲ್ ಎದ್ದುಬಂದರು, 1989ರಲ್ಲಿ ಸರ್ಕಾರ ಬಿತ್ತು ಎಂದು. ಇದರಲ್ಲಿ ಸುಳ್ಳಿಲ್ಲ. ಆದರೆ ಹೀಗೆ ಹೇಳಿದಾಗ ಸಂಗೀತ ಪಕ್ಕಕ್ಕೆ ಸರಿಯುತ್ತದೆ, ಆ ಗೆಳೆಯರ ಗುಂಪು ಯಾವುದೋ ದೊಡ್ಡ ಘಟನೆಗೆ ಬರೀ ಮುನ್ನುಡಿಯಾಗುತ್ತದೆ. ನನ್ನನ್ನು ಸೆಳೆಯುವುದು ಅವರ ಬೇಡಿಕೆ ಎಷ್ಟು ಸಣ್ಣದಾಗಿತ್ತು ಎಂಬ ಸಂಗತಿ. ಅವರಿಗೆ ಸರ್ಕಾರವನ್ನು ಉರುಳಿಸುವ ಆಸೆ ಇರಲಿಲ್ಲ. ತಮಗೆ ಇಷ್ಟವಾದದ್ದನ್ನು, ಕೇಳಲು ಇಷ್ಟಪಡುವವರ ಮುಂದೆ ನುಡಿಸಬೇಕು, ಅಷ್ಟೇ. ಒಂದು ಇಡೀ ರಾಜ್ಯವ್ಯವಸ್ಥೆಗೆ ಇಷ್ಟನ್ನು ಸಹಿಸಲು ಆಗಲಿಲ್ಲ.

ತಂಡ ಹುಟ್ಟಿದ್ದು 1968ರ ಶರತ್ಕಾಲದಲ್ಲಿ. ಆ ವರ್ಷದ ಆಗಸ್ಟ್ 20ರ ರಾತ್ರಿ ಸೋವಿಯತ್ ನೇತೃತ್ವದ ವಾರ್ಸಾ ಒಕ್ಕೂಟದ ಟ್ಯಾಂಕುಗಳು ಚೆಕೊಸ್ಲೊವಾಕಿಯಾದೊಳಗೆ ಬಂದಿದ್ದವು. ಕಮ್ಯುನಿಸ್ಟ್ ಪಕ್ಷದ ನಾಯಕ ಅಲೆಕ್ಸಾಂಡರ್ ದುಬ್ಚೆಕ್ ತಂದಿದ್ದ ಸುಧಾರಣೆಗಳ ‘ಪ್ರಾಗ್ ವಸಂತ’ ಅಲ್ಲಿಗೆ ಮುಗಿಯಿತು. ಕೆಲವೇ ವಾರಗಳ ನಂತರ ಪ್ರಾಗಿನ ಬ್ರ್ಜೆವ್ನೊವ್ ಬಡಾವಣೆಯ ಹುಡುಗ ಮಿಲಾನ್ ಹ್ಲಾವ್ಸಾ ತನ್ನ ಓರಗೆಯವರನ್ನು ಸೇರಿಸಿಕೊಂಡು ತಂಡ ಕಟ್ಟಿದ. ಅವನಿಗೆ ಆಗ 17 ವರ್ಷ. ಕಲಿತ ಕಸುಬು ಕಸಾಯಿಯದು, ಕೈಯಲ್ಲಿದ್ದದ್ದು ಬೇಸ್ ಗಿಟಾರ್. ಎಲ್ಲರೂ ಅವನನ್ನು ‘ಮೇಯ್ಲಾ’ ಎನ್ನುತ್ತಿದ್ದರು. ತಂಡದ ಹೆಸರು ಬಂದದ್ದು ಅಮೆರಿಕದ ಫ್ರ್ಯಾಂಕ್ ಜಾಪಾ ಅವರ ಒಂದು ಹಾಡಿನಿಂದ. ತಂಡ ಕಟ್ಟಿದ್ದನ್ನು ಟ್ಯಾಂಕುಗಳ ವಿರುದ್ಧದ ಪ್ರತಿಭಟನೆ ಎಂದು ಯಾರೂ ಭಾವಿಸಿರಲಿಲ್ಲ. ಹುಡುಗರ ಹುಚ್ಚು ‘ವೆಲ್ವೆಟ್ ಅಂಡರ್‌ಗ್ರೌಂಡ್’, ‘ಫಗ್ಸ್’ ಮತ್ತು ಜಾಪಾ ಅವರ ಸಂಗೀತ. ಮುಖಕ್ಕೆ ಬಣ್ಣ, ವಿಚಿತ್ರ ನಿಲುವಂಗಿ, ವೇದಿಕೆಯ ಮೇಲೆ ಬೆಂಕಿಯ ದೀವಟಿಗೆ, ಗ್ರಹ ನಕ್ಷತ್ರಗಳ ಕುರಿತ ಹಾಡು, ಇದು ಅವರ ಮೊದಲ ದಿನಗಳ ಚಹರೆ.

1969ರ ಏಪ್ರಿಲ್‌ನಲ್ಲಿ ದುಬ್ಚೆಕ್ ಜಾಗಕ್ಕೆ ಗುಸ್ತಾವ್ ಹುಸಾಕ್ ಬಂದರು. ಆಮೇಲೆ ಶುರುವಾದ ಕಾಲಕ್ಕೆ ಸರ್ಕಾರವೇ ಇಟ್ಟ ಹೆಸರು ‘ಸಾಮಾನ್ಯೀಕರಣ’. ವಿಶ್ವವಿದ್ಯಾಲಯ, ಪತ್ರಿಕೆ, ರಂಗಭೂಮಿ, ಎಲ್ಲ ಕಡೆ ಜರಡಿ ಹಿಡಿದರು. ಪ್ರಾಧ್ಯಾಪಕರು ಬಾಯ್ಲರ್ ಕೋಣೆಗಳಲ್ಲಿ ಕಲ್ಲಿದ್ದಲು ಹಾಕುವ ಕೆಲಸಕ್ಕೆ ಹೋದರು. ರಾಕ್ ತಂಡಗಳ ಸರದಿಯೂ ಬಂತು. ಅಲ್ಲಿ ವೃತ್ತಿಪರ ಸಂಗೀತಗಾರ ಎಂದರೆ ಸರ್ಕಾರಿ ಏಜೆನ್ಸಿಯ ಕೆಳಗೆ ದುಡಿಯುವವನು. ವಾದ್ಯ, ಆಂಪ್ಲಿಫೈಯರ್, ಅಭ್ಯಾಸದ ಕೋಣೆ ಎಲ್ಲವೂ ಆ ಏಜೆನ್ಸಿಯದು. ಪರೀಕ್ಷಾ ಸಮಿತಿಯ ಮುಂದೆ ನುಡಿಸಿ ತೇರ್ಗಡೆಯಾದರೆ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ. ಇಂಗ್ಲಿಷ್ ಹೆಸರು, ಇಂಗ್ಲಿಷ್ ಹಾಡು, ಉದ್ದ ಕೂದಲು, ಮಂಕು ಕವಿದ ರಾಗ ಯಾವುದೂ ಬೇಡ ಎಂದರು. ಬಹಳಷ್ಟು ತಂಡಗಳು ಕೂದಲು ಕತ್ತರಿಸಿದವು, ಹೆಸರು ಬದಲಿಸಿದವು, ಹಿತವಾದ ಪ್ರೇಮಗೀತೆಗಳಿಗೆ ಇಳಿದವು. ಅವರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ, ಅವರಿಗೂ ಮನೆ ನಡೆಯಬೇಕಿತ್ತು. ಪ್ಲಾಸ್ಟಿಕ್ ಪೀಪಲ್ ಮಾತ್ರ ಒಪ್ಪಲಿಲ್ಲ. 1970ರಲ್ಲಿ ಅವರ ಪರವಾನಗಿ ಹೋಯಿತು, ಅದರ ಜೊತೆಗೆ ವಾದ್ಯಗಳೂ ಹೋದವು.

ತಂಡ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯದೆ ಉಳಿದದ್ದು ಕೈಕೆಲಸ ಮತ್ತು ಸ್ನೇಹದ ಬಲದಿಂದ. ಗಿಟಾರ್ ನುಡಿಸುತ್ತಿದ್ದ ಯೋಸೆಫ್ ಯಾನೀಚೆಕ್‌ಗೆ ಮೆಕ್ಯಾನಿಕ್ ಕೆಲಸ ಗೊತ್ತಿತ್ತು. ಹಳೆಯ ಟ್ರಾನ್ಸಿಸ್ಟರ್ ರೇಡಿಯೊಗಳ ಬಿಡಿಭಾಗಗಳನ್ನು ಸೇರಿಸಿ ಅವನೇ ಆಂಪ್ಲಿಫೈಯರ್ ಮಾಡಿದ. ಉಪಕರಣಕ್ಕೆ ಹಣ ಕೂಡಿಸಲು ತಂಡದವರು ಕಾಡಿಗೆ ಹೋಗಿ ಮರ ಕಡಿಯುವ ಕೂಲಿ ಮಾಡಿದರು. ಈ ಒರಟು ಯಂತ್ರಗಳಿಂದ ಹೊರಟ ಕರ್ಕಶ, ಗೊರಗೊರ ನಾದವೇ ಮುಂದೆ ಅವರ ಗುರುತಾಯಿತು. ಒಳ್ಳೆಯ ಸ್ಟುಡಿಯೊ ಸಿಕ್ಕಿದ್ದರೆ ಪ್ಲಾಸ್ಟಿಕ್ ಪೀಪಲ್ ಹೀಗೆ ಕೇಳಿಸುತ್ತಿರಲಿಲ್ಲ.

ಯಿರೌಸ್ ಈ ಕಥೆಯೊಳಗೆ ಬರುವುದು ಇಲ್ಲಿ. ಸ್ವತಃ ವಾದ್ಯ ನುಡಿಸದ ಅವನು ತಂಡದ ಕಲಾ ನಿರ್ದೇಶಕನಾದ. ನ್ಯೂಯಾರ್ಕಿನಲ್ಲಿ ಕಲಾವಿದ ಆಂಡಿ ವಾರ್ಹಾಲ್ ವೆಲ್ವೆಟ್ ಅಂಡರ್‌ಗ್ರೌಂಡ್‌ಗೆ ಏನಾಗಿದ್ದರೋ ತಾನು ಈ ಹುಡುಗರಿಗೆ ಅದಾಗಬೇಕು ಎಂಬುದು ಅವನ ಹಂಬಲ. ಕಲಾ ಇತಿಹಾಸಕಾರನಿಗೆ ಉಪನ್ಯಾಸ ಕೊಡಲು ಅಡ್ಡಿ ಇರಲಿಲ್ಲ. ಆದ್ದರಿಂದ ವಾರ್ಹಾಲ್ ಕುರಿತ ಉಪನ್ಯಾಸ ಏರ್ಪಾಡಾಗುತ್ತಿತ್ತು. ಯಿರೌಸ್ ಸ್ವಲ್ಪ ಹೊತ್ತು ಸ್ಲೈಡ್ ತೋರಿಸಿ ಮಾತಾಡುತ್ತಿದ್ದ, ಆಮೇಲೆ ವೆಲ್ವೆಟ್ ಅಂಡರ್‌ಗ್ರೌಂಡ್ ಸಂಗೀತಕ್ಕೆ ‘ಉದಾಹರಣೆ’ ಎಂದು ಪ್ಲಾಸ್ಟಿಕ್ ಪೀಪಲ್ ಗಂಟೆಗಟ್ಟಲೆ ನುಡಿಸುತ್ತಿದ್ದರು. ಹಾಡುಗಳು ಇನ್ನೂ ಇಂಗ್ಲಿಷಿನಲ್ಲಿದ್ದವು. ಪ್ರಾಗಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಕೆನಡಾದ ಪಾಲ್ ವಿಲ್ಸನ್ ಈ ಹುಡುಗರಿಗೆ ಸಾಹಿತ್ಯ ಕಲಿಸಲು ಬಂದು 1970ರಿಂದ 1972ರವರೆಗೆ ತಂಡದ ಗಾಯಕನೇ ಆಗಿಬಿಟ್ಟ. ಮುಂದೆ ಹಾವೆಲ್ ಅವರ ಬರಹಗಳನ್ನು ಇಂಗ್ಲಿಷಿಗೆ ತಂದು ಹೆಸರಾದವನು ಇದೇ ವಿಲ್ಸನ್.

1972ರ ಹೊತ್ತಿಗೆ ಪ್ರಾಗ್ ನಗರದಲ್ಲಿ ನುಡಿಸುವ ಬಾಗಿಲು ಮುಚ್ಚಿತು. ಆದರೆ ಅದೇ ಸುಮಾರಿಗೆ ತಂಡಕ್ಕೆ ತನ್ನ ನಿಜವಾದ ದನಿ ಸಿಕ್ಕಿತು. ಸ್ಯಾಕ್ಸೊಫೋನ್ ವಾದಕ ವ್ರಾತಿಸ್ಲಾವ್ ಬ್ರಾಬೆನೆತ್ಸ್ ಸೇರಿಕೊಂಡ. ಉಳಿದವರಿಗಿಂತ ವಯಸ್ಸಿನಲ್ಲಿ ದೊಡ್ಡವನು, ದೇವಶಾಸ್ತ್ರ ಓದಿದವನು, ಹೊಟ್ಟೆಪಾಡಿಗೆ ತೋಟಗಾರಿಕೆ ಮಾಡುತ್ತಿದ್ದವನು. ಬೇರೆಯವರ ಹಾಡು ನುಡಿಸುವುದನ್ನು ಬಿಡಬೇಕು, ನಮ್ಮದೇ ಭಾಷೆಯಲ್ಲಿ ಹಾಡಬೇಕು ಎಂಬುದು ಅವನ ಷರತ್ತು. ಹಾಗಾದರೆ ಯಾರ ಸಾಹಿತ್ಯ? ಎಗೋನ್ ಬೊಂಡಿಯದು. ಆತನ ನಿಜ ಹೆಸರು ಜ್ಬಿನ್ಯೇಕ್ ಫಿಶೆರ್. ತತ್ವಶಾಸ್ತ್ರಜ್ಞ, ಕವಿ, ತನ್ನದೇ ರೀತಿಯ ಮಾರ್ಕ್ಸ್‌ವಾದಿ. 1940ರ ದಶಕದ ಕೊನೆಯಲ್ಲಿ ಯೆಹೂದಿ ವಿರೋಧ ಮತ್ತೆ ತಲೆಯೆತ್ತಿದಾಗ ಅದನ್ನು ಪ್ರತಿಭಟಿಸಲು ಯೆಹೂದಿ ಹೆಸರು ಇಟ್ಟುಕೊಂಡು ಜೀವನವಿಡೀ ಅದೇ ಹೆಸರಲ್ಲಿ ಬರೆದವನು. ಕಾದಂಬರಿಕಾರ ಬೋಹುಮಿಲ್ ಹ್ರಬಾಲ್ ತನ್ನ ‘ಕೋಮಲ ಅನಾಗರಿಕ’ ಎಂಬ ಪುಸ್ತಕದಲ್ಲಿ ಇವನನ್ನು ಪಾತ್ರವಾಗಿ ತಂದಿದ್ದಾನೆ. ಬೊಂಡಿಯ ಪದ್ಯಗಳು ಬೀದಿಮಾತಿನವು, ಚಿಕ್ಕವು, ಹೇಸದೆ ಹೇಳುವಂಥವು. ಮಲಬದ್ಧತೆ, ಕುಡಿತ, ಬೇಸರ, ಸೋರುವ ಮೂಗು ಏನೂ ಅವನಿಗೆ ವರ್ಜ್ಯವಲ್ಲ. ಪ್ರತಿದಿನ ಪತ್ರಿಕೆಯಲ್ಲಿ ‘ಉಜ್ವಲ ನಾಳೆ’ಯನ್ನು ಓದಿ ಸಾಕಾದ ತರುಣರಿಗೆ ಆ ಪದ್ಯಗಳಲ್ಲಿ ತಮ್ಮ ನಿತ್ಯದ ಬದುಕು ಕಂಡಿತು.

ಈ ಪದ್ಯಗಳಿಗೆ ಹ್ಲಾವ್ಸಾ ಹಾಕಿದ ಸಂಗೀತವನ್ನು ಮಾತಿನಲ್ಲಿ ಹಿಡಿಯುವುದು ಕಷ್ಟ, ಆದರೂ ಪ್ರಯತ್ನಿಸಬೇಕು. ಬೇಸ್ ಗಿಟಾರ್ ಒಂದೇ ಭಾರವಾದ ತುಣುಕನ್ನು ಬಿಡದೆ ಸುತ್ತುತ್ತಿರುತ್ತದೆ. ಲಯ ಸರಿಸಮವಾಗಿ ಬೀಳುವುದಿಲ್ಲ, ಕಾಲು ಕುಣಿಸಲು ಹೋದರೆ ತಪ್ಪುತ್ತದೆ. ಅದರ ಮೇಲೆ ಯಿರ್ಶಿ ಕಾಬೆಶ್‌ನ ವಯೋಲಾ ಬಾಗಿಲ ಕೀಲು ಕಿರುಗುಟ್ಟಿದಂತೆ ಎಳೆಯುತ್ತದೆ. ಬ್ರಾಬೆನೆತ್ಸ್‌ನ ಸ್ಯಾಕ್ಸೊಫೋನ್ ಯಾವ ರಾಗಕ್ಕೂ ಕಟ್ಟುಬೀಳದೆ ಕಿರುಚಿ, ಗೊಣಗಿ, ಒಮ್ಮೊಮ್ಮೆ ಅಳುತ್ತದೆ. ಹಾಡುವವರು ಪದ್ಯವನ್ನು ಇಂಪಾಗಿ ಹಾಡುವುದಿಲ್ಲ, ಭಾವ ಬೆರೆಸದೆ ಒಪ್ಪಿಸುತ್ತಾರೆ. ಮೊದಲ ಸಲ ಕೇಳಿದವರಿಗೆ ಇದು ಗದ್ದಲ. ಮೂರನೆಯ ಸಲಕ್ಕೆ ಅದರೊಳಗಿನ ಶಿಸ್ತು ಕಾಣತೊಡಗುತ್ತದೆ, ದುಃಖವೂ ಕಾಣುತ್ತದೆ. ಈ ಹಾಡುಗಳನ್ನು 1974–75ರಲ್ಲಿ ಹೌಸ್ಕಾ ಎಂಬ ಹಳೆಯ ಕೋಟೆಯಲ್ಲಿ ಧ್ವನಿಮುದ್ರಿಸಿಕೊಂಡರು. ಟೇಪು ಗುಟ್ಟಾಗಿ ಗಡಿ ದಾಟಿತು. 1978ರಲ್ಲಿ ಫ್ರಾನ್ಸಿನಲ್ಲಿ ‘ಎಗೋನ್ ಬೊಂಡೀಸ್ ಹ್ಯಾಪಿ ಹಾರ್ಟ್ಸ್ ಕ್ಲಬ್ ಬ್ಯಾನ್ಡ್’ ಎಂಬ ರೆಕಾರ್ಡಾಗಿ ಹೊರಬಂತು. ಬೀಟಲ್ಸ್‌ನ ಪ್ರಸಿದ್ಧ ರೆಕಾರ್ಡಿನ ಹೆಸರನ್ನು ತಿರುಚಿ ಮಾಡಿದ ಹೆಸರು ಅದು. ಅಷ್ಟರಲ್ಲಿ ತಂಡದವರು ಜೈಲು ನೋಡಿ ಬಂದಿದ್ದರು.

ಆ ದಿನಗಳಲ್ಲಿ ಒಂದು ಕಚೇರಿಗೆ ಹೋಗುವುದೆಂದರೆ ಹೀಗೆ. ಭಿತ್ತಿಪತ್ರವಿಲ್ಲ, ಟಿಕೆಟ್ಟಿಲ್ಲ. ಸುದ್ದಿ ಬಾಯಿಂದ ಬಾಯಿಗೆ ಹರಡುತ್ತದೆ, ಅದೂ ಕೊನೆಯ ಗಳಿಗೆಯಲ್ಲಿ. ಯಾವುದೋ ಸಣ್ಣ ರೈಲು ನಿಲ್ದಾಣದಲ್ಲಿ ಇಳಿದು, ಹಿಮದಲ್ಲೋ ಕೆಸರಲ್ಲೋ ಕಾಡುದಾರಿ ಹಿಡಿದು ನಡೆದು, ಯಾರದೋ ತೋಟದ ಮನೆಯನ್ನೋ ಹಳ್ಳಿಯ ಹೋಟೆಲಿನ ಹಿಂದಿನ ಹಾಲನ್ನೋ ಸೇರಬೇಕು. ಬಂದಮೇಲೂ ಕಚೇರಿ ನಡೆಯುತ್ತದೆಂಬ ಖಾತ್ರಿ ಇಲ್ಲ. ಆದರೂ ಜನ ಬರುತ್ತಿದ್ದರು. ಕಾರ್ಖಾನೆಯ ಕೆಲಸಗಾರರು, ಓದು ಬಿಡಿಸಲ್ಪಟ್ಟ ವಿದ್ಯಾರ್ಥಿಗಳು, ಊರೂರಿನ ಉದ್ದಗೂದಲಿನವರು. ಆಂಪ್ಲಿಫೈಯರ್ ಹೊರುವವರು, ಟೇಪು ಮಾಡುವವರು, ಫೋಟೊ ತೆಗೆಯುವವರು, ಪದ್ಯ ಬೆರಳಚ್ಚು ಮಾಡಿ ಹಂಚುವವರು ಎಲ್ಲರೂ ಅದೇ ಬಳಗ. ತಂಡ ಎಲ್ಲಿ ಮುಗಿಯಿತು, ಕೇಳುಗರು ಎಲ್ಲಿ ಶುರುವಾದರು ಎಂದು ಗೆರೆ ಎಳೆಯಲು ಆಗುತ್ತಿರಲಿಲ್ಲ. ನನ್ನ ಮಟ್ಟಿಗೆ ಪ್ಲಾಸ್ಟಿಕ್ ಪೀಪಲ್ ಎಂದರೆ ವೇದಿಕೆಯ ಮೇಲಿನ ಐದಾರು ಜನ ಮಾತ್ರ ಅಲ್ಲ, ಈ ಇಡೀ ಬಳಗ. ಸರ್ಕಾರವೂ ಹಾಗೆಯೇ ತಿಳಿದುಕೊಂಡಿತ್ತು.

1974ರ ಮಾರ್ಚ್ 30ರಂದು ದಕ್ಷಿಣ ಬೊಹೀಮಿಯಾದ ಚೆಸ್ಕೆ ಬುದ್ಯೆಯೋವಿತ್ಸೆ ನಗರದ ಪಕ್ಕದ ರುಡೋಲ್ಫೋವ್‌ನಲ್ಲಿ ಒಂದು ಕಚೇರಿ ಇತ್ತು. ನೂರಾರು ತರುಣರು ರೈಲಿನಲ್ಲಿ ಬಂದರು. ತಂಡ ವಾದ್ಯ ಮುಟ್ಟುವ ಮೊದಲೇ ಪೊಲೀಸರು ಸುತ್ತುವರಿದರು. ಕೇಳುಗರನ್ನು ನಿಲ್ದಾಣಕ್ಕೆ ಅಟ್ಟಿಕೊಂಡು ಹೋಗಿ, ಅಲ್ಲಿಯ ಸುರಂಗದಾರಿಯಲ್ಲಿ ಲಾಠಿಗಳಿಂದ ಥಳಿಸಿ, ಪ್ರಾಗಿನ ರೈಲಿಗೆ ತುಂಬಿದರು. ಕೆಲವರು ಜೈಲಿಗೆ ಹೋದರು, ಹಲವರು ಶಾಲೆ ಕಾಲೇಜುಗಳಿಂದ ಹೊರಬಿದ್ದರು. ಬಳಗದವರ ನಡುವೆ ಆ ದಿನಕ್ಕೆ ‘ಬುದ್ಯೆಯೋವಿತ್ಸೆಯ ಮಾರಣಹೋಮ’ ಎಂಬ ಹೆಸರಾಯಿತು. ಯಾರೂ ಸಾಯಲಿಲ್ಲ. ಆದರೆ ಹಾಡು ಕೇಳಲು ಬಂದ ಹದಿನೆಂಟು ಇಪ್ಪತ್ತರ ಹುಡುಗ ಹುಡುಗಿಯರಿಗೆ ಆ ಸುರಂಗದಲ್ಲಿ ಬೇರೆ ಹೆಸರು ಹೊಳೆಯದಿದ್ದರೆ ಆಶ್ಚರ್ಯವೇನು?

ಆ ಪೆಟ್ಟಿಗೆ ಯಿರೌಸ್ ಕೊಟ್ಟ ಉತ್ತರ ಒಂದು ಪ್ರಬಂಧ. 1975ರ ಫೆಬ್ರುವರಿಯಲ್ಲಿ ಬರೆದ ಅದರ ಹೆಸರು ‘ಮೂರನೆಯ ಚೆಕ್ ಸಂಗೀತ ಪುನರುತ್ಥಾನದ ವರದಿ’. ಅದರಲ್ಲಿ ಅವನು ಹೇಳಿದ ಮಾತು ಇಷ್ಟು: ಸರ್ಕಾರದ ಸಂಸ್ಕೃತಿಯ ಜೊತೆ ನಮಗೆ ಜಗಳವೂ ಬೇಡ, ರಾಜಿಯೂ ಬೇಡ, ಅದರ ಮಾಧ್ಯಮ, ಅದರ ಮನ್ನಣೆ, ಅದರ ಬೆಲೆಗಟ್ಟುವ ಕ್ರಮ ಯಾವುದನ್ನೂ ಅವಲಂಬಿಸದ ಎರಡನೇ ಸಂಸ್ಕೃತಿಯೊಂದನ್ನು ನಾವೇ ನಡೆಸೋಣ. ಪಶ್ಚಿಮದ ಭೂಗತ ಕಲಾವಿದರಿಗೆ ಒಂದಲ್ಲ ಒಂದು ದಿನ ದುಡ್ಡು, ಹೆಸರು ಬಂದು ಸೇರುತ್ತದೆ. ಇಲ್ಲಿ ಅದು ಸಾಧ್ಯವೇ ಇಲ್ಲವಾದ್ದರಿಂದ ಮಾಡುವ ಕೆಲಸ ಶುದ್ಧವಾಗಿ ಉಳಿಯುತ್ತದೆ ಎಂದೂ ಅವನು ವಾದಿಸಿದ. ಈ ಕೊನೆಯ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಬಡತನ, ನಿಷೇಧಗಳು ಕಲೆಯನ್ನು ಶುದ್ಧ ಮಾಡಿದ್ದಕ್ಕಿಂತ ಕಲಾವಿದರನ್ನು ಸವೆಸಿದ್ದೇ ಹೆಚ್ಚು. ಆದರೆ ಮೊದಲ ಮಾತಿನ ಕಸುವು ದೊಡ್ಡದು. ವಿರೋಧಿಸುವವರನ್ನು ಎದುರಿಸುವುದು ಅಧಿಕಾರಕ್ಕೆ ಗೊತ್ತು. ತನ್ನ ಕಡೆ ತಿರುಗಿಯೂ ನೋಡದೆ ತಮ್ಮ ಪಾಡಿಗೆ ಬದುಕುವವರನ್ನು ಏನು ಮಾಡಬೇಕೆಂದು ಅದಕ್ಕೆ ಗೊತ್ತಿರಲಿಲ್ಲ.

ನಾಟಕಕಾರ ವಾತ್ಸ್ಲಾವ್ ಹಾವೆಲ್ ಮತ್ತು ಯಿರೌಸ್ ಭೇಟಿಯಾದದ್ದು 1976ರ ಮೊದಲ ತಿಂಗಳುಗಳಲ್ಲಿ, ಬಂಧನಗಳಿಗೆ ಸ್ವಲ್ಪ ಮುಂಚೆ. ಇಬ್ಬರಿಗೂ ಪರಸ್ಪರ ಅನುಮಾನ. ಉದ್ದಗೂದಲಿನವರ ಬಗ್ಗೆ ಹಾವೆಲ್ ಕೇಳಿದ್ದು ಗಾಳಿಸುದ್ದಿಗಳನ್ನು ಮಾತ್ರ. ಯಿರೌಸ್ ಕಣ್ಣಿಗೆ ಹಾವೆಲ್ ಮತ್ತವರ ವರ್ಗ ಸರ್ಕಾರದ ಅಧಿಕೃತ ವಿರೋಧಪಕ್ಷದಂತೆ, ಅಂದರೆ ಅದೇ ಗಣ್ಯಲೋಕದ ಇನ್ನೊಂದು ತುದಿಯಂತೆ, ಕಾಣುತ್ತಿದ್ದರು. ಆ ದಿನ ಯಿರೌಸ್ ಒಂದು ಲಟಾರಿ ಟೇಪ್‌ರೆಕಾರ್ಡರಿನಲ್ಲಿ ಪ್ಲಾಸ್ಟಿಕ್ ಪೀಪಲ್, ಡಿಜಿ 307ರ ಹಾಡುಗಳನ್ನು ಕೇಳಿಸಿದ. ಹಾವೆಲ್ ಅಲುಗಾಡಿಹೋದರು. ಆ ಸಂಗೀತದಲ್ಲಿ ಮನಸ್ಸನ್ನು ಕಲಕುವ ಒಂದು ಮಾಂತ್ರಿಕತೆ ಇದೆ, ಬದುಕಿನ ಕುರಿತ ಸತ್ಯವಾದ ಅನುಭವ ಇದೆ ಎಂದು ಅವರು ಮುಂದೆ ನೆನಪಿಸಿಕೊಂಡಿದ್ದಾರೆ. ಇಬ್ಬರೂ ಬೆಳಗಿನವರೆಗೆ ಮಾತಾಡಿದರು. ಮುಂದಿನ ಕಚೇರಿಗೆ ಬರುತ್ತೇನೆಂದು ಹಾವೆಲ್ ಹೇಳಿದರು. ಆ ಕಚೇರಿಗೆ ಮೊದಲೇ ಯಿರೌಸ್ ಜೈಲಿನಲ್ಲಿದ್ದ.

ಹಾವೆಲ್ ಸುಮ್ಮನಿರಲಿಲ್ಲ. ಬಂಧಿತರ ಪರವಾಗಿ ತತ್ವಜ್ಞಾನಿ ಯಾನ್ ಪಾತೋಚ್ಕಾ, ಕವಿ ಯಾರೋಸ್ಲಾವ್ ಸೈಫರ್ಟ್ ಮುಂತಾದವರ ಸಹಿ ಕೂಡಿಸಿ ಜರ್ಮನಿಯ ಕಾದಂಬರಿಕಾರ ಹೈನ್‌ರಿಷ್ ಬ್ಯೋಲ್‌ಗೆ ಬಹಿರಂಗ ಪತ್ರ ಬರೆಯುವ ಕೆಲಸದಲ್ಲಿ ಅವರು ಮುಂದೆ ನಿಂತರು. ಸೈಫರ್ಟ್‌ಗೆ ಆಗ ಎಪ್ಪತ್ತೈದರ ಹತ್ತಿರ, ಮುಂದೆ 1984ರಲ್ಲಿ ನೊಬೆಲ್ ಪಡೆದವರು. ಪಾತೋಚ್ಕಾ ಜೀವನವಿಡೀ ಗ್ರೀಕ್ ತತ್ವಶಾಸ್ತ್ರ, ತತ್ವಜ್ಞಾನಿ ಹುಸ್ಸೆರ್ಲ್ ಎಂದು ಮುಳುಗಿದ್ದ ಹಿರಿಯರು. ಇವರಿಗೆ ಆ ಗದ್ದಲದ ಸಂಗೀತ ಹಿಡಿಸಿತೋ ಇಲ್ಲವೋ, ಅದು ಮುಖ್ಯವಲ್ಲ. ತಮಗಿಂತ ಎರಡು ತಲೆಮಾರು ಚಿಕ್ಕವರಾದ ಹುಡುಗರ ಬೆನ್ನಿಗೆ ನಿಲ್ಲಲು ಅವರು ಮುಂದೆ ಬಂದರು. ಗದ್ದಲ ಎದ್ದ ಮೇಲೆ ಬಂಧಿತರಲ್ಲಿ ಹೆಚ್ಚಿನವರನ್ನು ಬಿಟ್ಟರು. ಜುಲೈನಲ್ಲಿ ಪಶ್ಚಿಮ ಬೊಹೀಮಿಯಾದಲ್ಲಿ ಮೂವರು ತರುಣರಿಗೆ ಶಿಕ್ಷೆಯಾಯಿತು. ಅವರ ತಪ್ಪೆಂದರೆ ಹಾಡು ಮತ್ತು ಉಪನ್ಯಾಸದ ಒಂದು ಸಂಜೆ ಏರ್ಪಡಿಸಿದ್ದು. ಪ್ರಾಗಿನಲ್ಲಿ ಸೆಪ್ಟೆಂಬರ್ 21ರಿಂದ ಮುಖ್ಯ ವಿಚಾರಣೆ. ಕಟಕಟೆಯಲ್ಲಿ ನಾಲ್ವರು: ಯಿರೌಸ್, ಬ್ರಾಬೆನೆತ್ಸ್, ಡಿಜಿ 307ರ ಕವಿ ಪಾವೆಲ್ ಜಾಯೀಚೆಕ್, ಪಾದ್ರಿ ಕರಾಸೆಕ್. ಆರೋಪ ಗುಂಪುಗೂಡಿ ಸಾರ್ವಜನಿಕ ಶಾಂತಿ ಕದಡಿದ್ದು. ಸಾಕ್ಷ್ಯವೆಂದರೆ ಹಾಡುಗಳಲ್ಲಿನ ಅಶ್ಲೀಲ ಪದಗಳು.

ಆ ಮೂರು ದಿನ ನ್ಯಾಯಾಲಯದ ಕಾರಿಡಾರಿನಲ್ಲಿ ನಡೆದದ್ದು ಒಳಗೆ ನಡೆದದ್ದಕ್ಕಿಂತ ದೊಡ್ಡದು. ಒಳಗೆ ಬಿಟ್ಟದ್ದು ಕೆಲವೇ ಜನರನ್ನು. ಹೊರಗೆ ಹುಡುಗ ಹುಡುಗಿಯರು ಗೋಡೆಗೆ ಒರಗಿ, ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದರು. ಅವರ ಪಕ್ಕದಲ್ಲೇ 1968ರ ಸುಧಾರಣೆಯ ಕಾಲದ ಮಾಜಿ ಕಮ್ಯುನಿಸ್ಟರು, ಕ್ರೈಸ್ತ ಚಿಂತಕರು, ಕೆಲಸ ಕಳೆದುಕೊಂಡ ಪ್ರಾಧ್ಯಾಪಕರು, ನಿಷೇಧಿತ ಲೇಖಕರು. ಅದುವರೆಗೆ ಒಬ್ಬರ ಮುಖ ಒಬ್ಬರು ನೋಡದವರು, ನೋಡಿದರೂ ನಂಬದವರು. ಆ ಓಣಿಯಲ್ಲಿ ಒಬ್ಬರಿಗೊಬ್ಬರು ಸಿಗರೇಟು ಹಂಚಿಕೊಂಡು ಕಾದರು. ‘ವಿಚಾರಣೆ’ ಎಂಬ ಪ್ರಬಂಧದಲ್ಲಿ ಹಾವೆಲ್ ಆ ವಾತಾವರಣವನ್ನು ಬಣ್ಣಿಸಿದ್ದಾರೆ. ಅದರ ಕೊನೆಗೆ ಬರುವ ಒಂದು ಪ್ರಸಂಗ ನನಗೆ ಮರೆಯಲಾಗದ್ದು. ನ್ಯಾಯಾಲಯದಿಂದ ಹೊರಬಂದ ಹಾವೆಲ್‌ಗೆ ಬೀದಿಯಲ್ಲಿ ಒಬ್ಬ ಚಲನಚಿತ್ರ ನಿರ್ದೇಶಕ ಎದುರಾಗುತ್ತಾನೆ. ಎಲ್ಲಿಂದ ಬರುತ್ತಿದ್ದೀರಿ ಎಂಬ ಮಾತಿಗೆ ಭೂಗತ ಸಂಗೀತದ ವಿಚಾರಣೆಯಿಂದ ಎನ್ನುತ್ತಾರೆ. ಆ ಮಾದಕವಸ್ತುವಿನ ಕೇಸಾ ಎಂದು ನಿರ್ದೇಶಕ ಕೇಳುತ್ತಾನೆ. ಹಾವೆಲ್ ಎಲ್ಲವನ್ನೂ ಬಿಡಿಸಿ ಹೇಳುತ್ತಾರೆ. ಆತ ತಲೆಯಾಡಿಸಿ, ಅದಿರಲಿ, ಮತ್ತೇನು ಸಮಾಚಾರ ಎನ್ನುತ್ತಾನೆ. ಆತ ಕೆಟ್ಟವನಲ್ಲ. ತನಗೆ ಸಂಬಂಧವಿಲ್ಲ ಎಂದುಕೊಂಡು ಬದುಕುವ ಅಭ್ಯಾಸ ಒಂದು ಇಡೀ ಸಮಾಜಕ್ಕೆ ಆಗಿಹೋಗಿತ್ತು.

ತೀರ್ಪು ಬಂದದ್ದು ಸೆಪ್ಟೆಂಬರ್ 23ರಂದು. ಅದು ಯಿರೌಸ್ ಹುಟ್ಟಿದ ದಿನವೂ ಹೌದು. ಅವನಿಗೆ 18 ತಿಂಗಳು, ಜಾಯೀಚೆಕ್‌ಗೆ 12, ಬ್ರಾಬೆನೆತ್ಸ್ ಮತ್ತು ಕರಾಸೆಕ್‌ಗೆ ತಲಾ 8 ತಿಂಗಳ ಸಜೆ. ಮೂರು ವಾರವೂ ಕಳೆದಿರಲಿಲ್ಲ, ಅಕ್ಟೋಬರ್ 13ರಂದು ಅದೇ ಸರ್ಕಾರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ದೇಶದ ಕಾನೂನು ಸಂಪುಟದಲ್ಲಿ ಅಚ್ಚು ಹಾಕಿತು. ಕಾರಿಡಾರಿನಲ್ಲಿ ಪರಿಚಯವಾದವರು ಅದನ್ನು ಕೈಗೆತ್ತಿಕೊಂಡರು. ನಿಮ್ಮದೇ ಕಾನೂನು, ನೀವೇ ಪಾಲಿಸಿ ಎಂದು ಕೇಳುವ ಒಂದು ಪತ್ರ ಸಿದ್ಧವಾಯಿತು. ಅದೇ ಚಾರ್ಟರ್ 77. 1977ರ ಜನವರಿ 1ರ ದಿನಾಂಕ ಹೊತ್ತ ಅದಕ್ಕೆ ಮೊದಲ ಹಂತದಲ್ಲೇ 240ರಷ್ಟು ಸಹಿ ಬಿದ್ದವು. ವಕ್ತಾರರು ಹಾವೆಲ್, ಪಾತೋಚ್ಕಾ ಮತ್ತು ಮಾಜಿ ವಿದೇಶಾಂಗ ಸಚಿವ ಯಿರ್ಶಿ ಹಾಯೆಕ್. ಜನವರಿ 6ರಂದು ಪತ್ರವನ್ನು ಸರ್ಕಾರಕ್ಕೆ ತಲುಪಿಸಲು ಹೊರಟ ಹಾವೆಲ್, ನಟ ಪಾವೆಲ್ ಲಾಂಡೋವ್ಸ್ಕಿ, ಲೇಖಕ ಲುಡ್ವಿಕ್ ವಾತ್ಸುಲಿಕ್ ಅವರಿದ್ದ ಕಾರನ್ನು ಪೊಲೀಸರು ಬೆನ್ನಟ್ಟಿ ಹಿಡಿದರು. ಅಷ್ಟರಲ್ಲಿ ಪ್ರತಿ ಹೊರದೇಶ ಸೇರಿತ್ತು, ಮರುದಿನ ಯುರೋಪಿನ ಪತ್ರಿಕೆಗಳಲ್ಲಿ ಬಂತು. ಪಾತೋಚ್ಕಾ ಸರಣಿ ವಿಚಾರಣೆಗಳಲ್ಲಿ ಬಳಲಿ ಮಾರ್ಚ್ 13ರಂದು ತೀರಿಕೊಂಡರು.

ಬಳಗದ ಮೇಲೆ ಸರ್ಕಾರದ ಸಿಟ್ಟು ಈಗ ಇಮ್ಮಡಿಯಾಯಿತು. ಪಾಲ್ ವಿಲ್ಸನ್‌ನನ್ನು 1977ರಲ್ಲಿ ದೇಶದಿಂದ ಹೊರಹಾಕಿದರು. ಆತ ಟೊರಾಂಟೊದಲ್ಲಿ ಕೂತು ‘ಬೊಜಿ ಮ್ಲಿನ್’ ಎಂಬ ಹೆಸರಿನಲ್ಲಿ ಗೆಳೆಯರ ರೆಕಾರ್ಡುಗಳನ್ನು ಹೊರತರತೊಡಗಿದ. ಸರ್ಕಾರಿ ಟಿ.ವಿ.ಯ ಜನಪ್ರಿಯ ಧಾರಾವಾಹಿ ‘ಮೇಜರ್ ಜೆಮಾನ್’ನ ಒಂದು ಕಂತಿನಲ್ಲಿ ಉದ್ದಗೂದಲಿನ ರಾಕ್ ತಂಡವೊಂದು ವಿಮಾನ ಅಪಹರಿಸುವ ಕಥೆ ಬಂತು. ಯಾರನ್ನು ಕುರಿತದ್ದೆಂದು ನೋಡಿದವರಿಗೆಲ್ಲ ತಿಳಿಯಿತು. ಆ ಕಾಲದಲ್ಲಿ ಪ್ಲಾಸ್ಟಿಕ್ ಪೀಪಲ್ ಸಂಗೀತ ಕೇಳಿದವರು ಕೆಲವೇ ಸಾವಿರ, ಆ ಕಂತು ನೋಡಿದವರು ಇಡೀ ದೇಶದವರು. ಬ್ರಾಬೆನೆತ್ಸ್ 1980ರ ದಶಕದ ಮೊದಲ ವರ್ಷಗಳಲ್ಲಿ ಪೊಲೀಸರ ಒತ್ತಡ ತಾಳಲಾರದೆ ಕೆನಡಾಕ್ಕೆ ಹೊರಟುಹೋದ. ಯಿರೌಸ್ ಒಟ್ಟು ಐದು ಸಲ ಸೆರೆಯಾಗಿ, ಸುಮಾರು ಎಂಟೂವರೆ ವರ್ಷ ಜೈಲಿನಲ್ಲಿ ಕಳೆದ. ಕಠಿಣ ಶಿಕ್ಷೆಗೆ ಹೆಸರಾದ ವಾಲ್ದಿತ್ಸೆ ಜೈಲಿನಲ್ಲಿ ಅವನು ಬರೆದ ಪದ್ಯಗಳು ‘ಮಾಗೋರ್‌ನ ಹಂಸಗೀತೆಗಳು’ ಎಂಬ ಸಂಕಲನವಾದವು. ಕಲಾ ಇತಿಹಾಸಕಾರ, ತಂಡದ ನಿರ್ದೇಶಕ ಎಂಬುದಕ್ಕಿಂತ ಕವಿಯಾಗಿ ಅವನು ಚೆಕ್ ಓದುಗರ ಮನಸ್ಸಿನಲ್ಲಿ ಉಳಿದಿದ್ದಾನೆ.

ಇಷ್ಟರ ನಡುವೆಯೂ ಅವರು ನುಡಿಸಿದರು. ಈಗ ಕಚೇರಿಯ ಜಾಗ ಹಾವೆಲ್ ಅವರ ಹ್ರಾದೆಚೆಕ್‌ನ ಹಳ್ಳಿಮನೆ. 1977ರ ಅಕ್ಟೋಬರ್‌ನಲ್ಲಿ ಅಲ್ಲಿ ಮೂರನೇ ಉತ್ಸವ ನಡೆಯಿತು. ಆ ವರ್ಷದ ‘ನೂರು ಅಂಶಗಳು’ ಎಂಬ ರಚನೆ ಅಧಿಕಾರದಲ್ಲಿರುವವರು ಯಾರ್ಯಾರಿಗೆ, ಯಾವುದಕ್ಕೆ ಹೆದರುತ್ತಾರೆ ಎಂದು ಒಂದೊಂದಾಗಿ ಎಣಿಸುತ್ತಾ ಹೋಗುತ್ತದೆ. ತಂಡದ ಕೃತಿಗಳಲ್ಲಿ ಇಷ್ಟು ನೇರವಾಗಿ ರಾಜಕೀಯದ್ದು ಬೇರೆ ಇಲ್ಲ. ಅದು ಜೈಲಿನ ಅನುಭವದ ನಂತರ ಬಂದದ್ದು ಎಂಬುದನ್ನು ಗಮನಿಸಬೇಕು. ಅವರನ್ನು ರಾಜಕೀಯಕ್ಕೆ ಎಳೆತಂದದ್ದು ಸರ್ಕಾರವೇ. ಮರುವರ್ಷವೇ ಅವರು ಮತ್ತೆ ತಮ್ಮ ದಾರಿಗೆ ಮರಳಿದರು. ಬ್ರಾಬೆನೆತ್ಸ್ ಬೈಬಲ್ಲಿನಿಂದ ಆಯ್ದು ಹೆಣೆದ ಪಠ್ಯಕ್ಕೆ ಹ್ಲಾವ್ಸಾ ಸಂಗೀತ ಹಾಕಿದ ‘ಈಸ್ಟರ್ ಯಾತನಾ ನಾಟಕ’ವನ್ನು 1978ರಲ್ಲಿ ಹ್ರಾದೆಚೆಕ್‌ನಲ್ಲೇ ಧ್ವನಿಮುದ್ರಿಸಿದರು. ಯೇಸುವಿನ ಬಂಧನ, ವಿಚಾರಣೆ, ಶಿಲುಬೆ. ಹಾಡುತ್ತಿದ್ದವರಿಗೆ ಬಂಧನ, ವಿಚಾರಣೆ ಎಂದರೇನೆಂದು ಚೆನ್ನಾಗಿ ಗೊತ್ತಿತ್ತು. ಅವರ ಕೃತಿಗಳಲ್ಲಿ ಇದೇ ಶ್ರೇಷ್ಠ ಎಂದು ನಾನು ಭಾವಿಸುತ್ತೇನೆ. 1981ರ ಮಾರ್ಚ್‌ನಲ್ಲಿ ಉತ್ತರ ಬೊಹೀಮಿಯಾದ ಕೆರ್ಹಾರ್ತಿತ್ಸೆಯ ಮನೆಯೊಂದರಲ್ಲಿ ‘ಕುದುರೆ ನಡೆಸುವುದೆಂದರೇನು’ ಎಂಬ ಹೊಸ ಕೃತಿಯನ್ನು ನುಡಿಸಿದರು. ಸ್ವಲ್ಪ ದಿನದಲ್ಲೇ ಆ ಮನೆ ಸುಟ್ಟುಹೋಯಿತು. ಬಳಗ ಸೇರುತ್ತಿದ್ದ ಬೇರೆ ಮನೆಗಳನ್ನೂ ಸರ್ಕಾರ ಕಸಿದುಕೊಂಡಿತು. ಮನೆ ಕೊಟ್ಟವರಿಗೆ ಹೀಗಾಗುತ್ತದೆ ಎಂದಾದಮೇಲೆ ತಂಡದವರೇ ಗೆಳೆಯರನ್ನು ಕೇಳಲು ಹಿಂಜರಿದರು. ಆಮೇಲೆ ಉಳಿದ ದಶಕ ಅವರು ಹೆಚ್ಚಾಗಿ ಟೇಪಿನ ಮುಂದೆಯೇ ನುಡಿಸಿದರು.

ಸ್ನೇಹದ ಕಥೆ ಎಂದಮೇಲೆ ನೋವಿನ ಎರಡು ಸಂಗತಿಗಳನ್ನೂ ಹೇಳಬೇಕು. 1989ರ ನಂತರ ರಹಸ್ಯ ಪೊಲೀಸರ ಕಡತಗಳು ತೆರೆದಾಗ ಎಗೋನ್ ಬೊಂಡಿ ಆ ಪೊಲೀಸರಿಗೆ ಹಲವು ವರ್ಷ ಮಾಹಿತಿ ಕೊಡುತ್ತಿದ್ದ ಎಂಬುದು ಹೊರಬಿತ್ತು. ಯಾರ ಪದ್ಯಗಳಿಂದ ಬಳಗಕ್ಕೆ ದನಿ ಬಂದಿತ್ತೋ ಅವನೇ. ಚೆಕ್, ಸ್ಲೊವಾಕ್ ಎಂದು ದೇಶ ಇಬ್ಭಾಗವಾದದ್ದನ್ನು ಪ್ರತಿಭಟಿಸಿ ಬೊಂಡಿ 1993ರಲ್ಲಿ ಸ್ಲೊವಾಕಿಯಾದ ಬ್ರಾಟಿಸ್ಲಾವಾಕ್ಕೆ ಹೋಗಿ ನೆಲೆಸಿ, 2007ರಲ್ಲಿ ಅಲ್ಲೇ ತೀರಿಕೊಂಡ. ತಂಡ ಅವನ ಹಾಡುಗಳನ್ನು ಬಿಡಲಿಲ್ಲ, ಮುಂದೆಯೂ ಅವು ಅವರ ಕಚೇರಿಗಳ ಜೀವಾಳವಾಗಿದ್ದವು. ಆ ಪದ್ಯಗಳು ಹೇಳಿದ ನಿಜವನ್ನು ಕಡತದ ಹಾಳೆಗಳು ಅಳಿಸಲಾರವು ಎಂದೇ ನನಗೂ ಅನ್ನಿಸುತ್ತದೆ, ಆದರೆ ಪದ್ಯ ಚೆನ್ನಾಗಿದೆ ಎಂದು ಆ ದ್ರೋಹವನ್ನು ಹಗುರಮಾಡಲೂ ಆಗದು.

ಎರಡನೆಯದು ಒಡಕು. 1980ರ ದಶಕದ ಕೊನೆಗೆ ಆಡಳಿತದ ಹಿಡಿತ ಸಡಿಲವಾಗುತ್ತಿತ್ತು. ಹೆಸರೊಂದನ್ನು ಬಿಟ್ಟುಕೊಟ್ಟರೆ ಅಧಿಕೃತ ವೇದಿಕೆಯಲ್ಲಿ ನುಡಿಸಬಹುದು ಎಂಬ ಸೂಚನೆ ಬಂತು. ವರ್ಷಗಟ್ಟಲೆ ಮದುವೆ ಮನೆ, ಕೊಟ್ಟಿಗೆಗಳಲ್ಲಿ ನುಡಿಸಿದವರಿಗೆ ಸಹಜವಾಗಿ ಜನರ ಮುಂದೆ ನಿಲ್ಲುವ ಆಸೆ. ಇನ್ನು ಕೆಲವರಿಗೆ ಆ ಹೆಸರಿಗಾಗಿಯೇ ಇಷ್ಟೆಲ್ಲ ಸಹಿಸಿದ್ದು. ಲಾಠಿಗೆ, ಜೈಲಿಗೆ, ಬೆಂಕಿಗೆ ಒಡೆಯದ ತಂಡ 1988ರಲ್ಲಿ ಈ ಪ್ರಶ್ನೆಗೆ ಒಡೆಯಿತು. ಹ್ಲಾವ್ಸಾ, ಯಾನೀಚೆಕ್, ಕಾಬೆಶ್ ಸೇರಿ ‘ಪೂಲ್ನೋತ್ಸ್’ ಎಂಬ ಹೊಸ ತಂಡ ಕಟ್ಟಿದರು. ಇನ್ನೊಂದೇ ವರ್ಷ ತಡೆದಿದ್ದರೆ ಪ್ರಶ್ನೆಯೇ ಇರುತ್ತಿರಲಿಲ್ಲ.

ಸರ್ಕಾರದ ವಿರುದ್ಧ ಜನ ಬೀದಿಗಿಳಿದ 1989ರ ನವೆಂಬರ್ 17ರಿಂದ ಎಲ್ಲವೂ ಬೇಗ ಬೇಗ ನಡೆಯಿತು. ಡಿಸೆಂಬರ್ 29ರಂದು ಹಾವೆಲ್ ರಾಷ್ಟ್ರಪತಿ. ಜನವರಿಯಲ್ಲಿ ಫ್ರ್ಯಾಂಕ್ ಜಾಪಾ ಪ್ರಾಗಿಗೆ ಬಂದರು, ಏಪ್ರಿಲ್‌ನಲ್ಲಿ ವೆಲ್ವೆಟ್ ಅಂಡರ್‌ಗ್ರೌಂಡಿನ ಲೂ ರೀಡ್. ಚಾರ್ಟರ್‌ಗೆ 20 ವರ್ಷ ತುಂಬಿದ 1997ರಲ್ಲಿ ಹಾವೆಲ್ ಕೋರಿಕೆಯಂತೆ ತಂಡ ಮತ್ತೆ ಒಂದಾಗಿ ಪ್ರಾಗ್ ಕೋಟೆಯ ಸ್ಪ್ಯಾನಿಷ್ ಹಾಲಿನಲ್ಲಿ ನುಡಿಸಿತು. ಬ್ರಾಬೆನೆತ್ಸ್ ಕೆನಡಾದಿಂದ ಮರಳಿದ. 1998ರ ಸೆಪ್ಟೆಂಬರ್‌ನಲ್ಲಿ ವಾಷಿಂಗ್ಟನ್ನಿನ ಶ್ವೇತಭವನದಲ್ಲಿ ಹಾವೆಲ್ ಗೌರವಾರ್ಥ ನಡೆದ ಔತಣದಲ್ಲಿ ಲೂ ರೀಡ್ ಹಾಡಿದಾಗ ಪಕ್ಕದಲ್ಲಿ ಬೇಸ್ ಹಿಡಿದು ನಿಂತಿದ್ದವನು ಬ್ರ್ಜೆವ್ನೊವ್‌ನ ಮೇಯ್ಲಾ ಹ್ಲಾವ್ಸಾ. ಶ್ವಾಸಕೋಶದ ಕ್ಯಾನ್ಸರಿನಿಂದ ಅವನು 2001ರ ಜನವರಿ 5ರಂದು ತೀರಿಕೊಂಡ, 50 ತುಂಬಲು ಎರಡು ತಿಂಗಳಿತ್ತು. ಯಿರೌಸ್ 2011ರ ನವೆಂಬರ್‌ನಲ್ಲಿ ಹೋದ, ಹಾವೆಲ್ ಅದರ ಮುಂದಿನ ತಿಂಗಳು.

ಗೆಳೆಯರು ಮಾಡಿಕೊಂಡಿದ್ದ ಆ ಹಳೆಯ ಟೇಪುಗಳು 1990ರ ದಶಕದಿಂದ ಒಂದೊಂದಾಗಿ ಸಿ.ಡಿ.ಗಳಾಗಿ ಬಂದಿವೆ. ಕೇಳಬೇಕೆನ್ನುವವರು ಬೊಂಡಿಯ ಪದ್ಯಗಳ ರೆಕಾರ್ಡಿನಿಂದಲೇ ಶುರುಮಾಡುವುದು ಒಳ್ಳೆಯದು, ತಂಡದ ಕಸುವು, ಒರಟುತನ ಅಲ್ಲಿ ಅಪ್ಪಟವಾಗಿದೆ. ‘ಈಸ್ಟರ್ ಯಾತನಾ ನಾಟಕ’ಕ್ಕೆ ಒಂದು ಪೂರ್ತಿ ಸಂಜೆ ಬಿಡುವು ಮಾಡಿಕೊಳ್ಳಬೇಕು. ಅದಾದಮೇಲೆ 1986ರ ‘ನಡುರಾತ್ರಿಯ ಇಲಿ’. ಕೇಳುಗರಿಲ್ಲದ ವರ್ಷಗಳಲ್ಲಿ ಹ್ಲಾವ್ಸಾ ಎಷ್ಟು ದೂರ ನಡೆದಿದ್ದ ಎಂಬುದು ಅದರಲ್ಲಿ ತಿಳಿಯುತ್ತದೆ.